ಹದಿನೈದಕ್ಕೆ ಕೂಡುವ ಚೌಕ

ನಮ್ಮ ಅಣ್ಣ ಡ್ರಮ್ ಬಾರಿಸುತ್ತಿದ್ದ ಸಂಗೀತ ಕೇಳಿ ಖುಷಿಪಟ್ಟವರನ್ನು ನಾನಂತೂ ಕಾಣೆ. ಎಪ್ಪತ್ತರ ದಶಕದ ಮುಂಬಯಿಯಲ್ಲಿ ಗಿಟಾರು ಹಿಡಿದ ಹುಡುಗರೆಲ್ಲ ಜನರನ್ನು ಕುಣಿಸುವ ರಾಕ್ ಹಾಡು ಬಾರಿಸುತ್ತಿದ್ದರೆ, ಅಣ್ಣ ಮತ್ತು ಅವನ ಇಬ್ಬರು ಜೊತೆಗಾರರು ಗಣಿತದ ಒಗಟು ಬಾರಿಸುತ್ತಿದ್ದರು. ಗಿಟಾರಿನವನು ಅಣ್ಣನ ಶಾಲೆಯ ಗೆಳೆಯ, ಘಾಟ್ಕೋಪರಿನಲ್ಲಿ ಗಣಿತದ ಟ್ಯೂಷನ್ ಹೇಳುತ್ತಿದ್ದ. ಇನ್ನೊಬ್ಬ ಬೇಸ್ ಗಿಟಾರಿನವನು. ಲ್ಯಾಮಿಂಗ್ಟನ್ ರೋಡಿನಿಂದ ಬಿಡಿಭಾಗ ತಂದು ಆಂಪ್ಲಿಫೈಯರನ್ನೂ ತಾನೇ ಜೋಡಿಸಿದ್ದ. ಆಂಟಾಪ್ ಹಿಲ್ಲಿನ ನಮ್ಮ ಕೋಣೆಯಲ್ಲಿ ಅಣ್ಣ ಊಟದ ತಟ್ಟೆಯ ಅಂಚಿಗೆ ಬೆರಳು ಬಡಿಯುತ್ತ ಕೂತರೆ ಅವ್ವ, "ಇದಕ್ಕಿಂತ ನಮ್ಮೂರ ಹಲಗಿ ಚಲೋ ಇತ್ತು" ಅನ್ನುತ್ತಿದ್ದಳು.

ಒಂದರಿಂದ ಒಂಬತ್ತರ ತನಕ ಅಂಕಿ ತುಂಬಿದ ಒಂಬತ್ತು ಮನೆಯ ಮಾಯಾಚೌಕ ನಿಮಗೂ ಗೊತ್ತಿರಬಹುದು. ಅಡ್ಡ ಕೂಡಿಸಿ, ಉದ್ದ ಕೂಡಿಸಿ, ಮೂಲೆಯಿಂದ ಮೂಲೆಗೆ ಕೂಡಿಸಿ, ಹದಿನೈದೇ ಬರುತ್ತದೆ. ಇವರ ಆಟವೆಲ್ಲ ಅದರ ಮೇಲೆ. ಒಬ್ಬ ಅಡ್ಡ ಸಾಲಿನ ಅಂಕಿಗಳನ್ನು ಎಣಿಸುತ್ತ, ಅಂಕಿ ಬದಲಾದಲ್ಲೆಲ್ಲ ಒತ್ತು ಕೊಟ್ಟು ಬಾರಿಸಬೇಕು, ಒಬ್ಬ ಉದ್ದ ಸಾಲಿನದು, ಅಣ್ಣ ಮೂಲೆಯದು. ನಡುವೆ ಒಬ್ಬರದು ಒಬ್ಬರಿಗೆ ಹೊಂದುವುದಿಲ್ಲ, ಬರೀ ಸಂತೆಯ ಗದ್ದಲ. ಆದರೆ ಹದಿನೈದು ಎಣಿಸಿ ಮುಗಿಯುತ್ತಲೇ ಮೂವರೂ ಒಂದೇ ಪೆಟ್ಟಿಗೆ ಬಂದು ಬೀಳುತ್ತಾರೆ. ಆ ಒಂದು ಪೆಟ್ಟಿಗೆ ನನಗೂ ಮೈ ಜುಮ್ಮೆನ್ನುತ್ತಿತ್ತು, ಸುಳ್ಳೇಕೆ ಹೇಳಲಿ. ಪಕ್ಕದವನ ಪಾಟಿ ನೋಡಿ ಲೆಕ್ಕ ಮಾಡುವುದು ಮೋಸವಲ್ಲವೇ? ಅದಕ್ಕೇ ಬೆನ್ನಿಗೆ ಬೆನ್ನು ಹಾಕಿ ಬಾರಿಸುವುದು ಅವರ ಪದ್ಧತಿ. ಒಮ್ಮೆಯೂ ಲೆಕ್ಕ ತಪ್ಪದವನು ಅಣ್ಣನೊಬ್ಬನೇ. "ನಮ್ಮ ಗದ್ದಲಕ್ಕೆ ಇವನು ಕಿವಿಯೇ ಕೊಡೋದಿಲ್ಲ ನೋಡಿ" ಎಂದು ಗೆಳೆಯ ಎಲ್ಲರೆದುರು ಹೊಗಳುತ್ತಿದ್ದ.

ಹೊಟ್ಟೆಪಾಡಿಗೆ ಅಣ್ಣ ಪರೇಲಿನ ಬಟ್ಟೆ ಗಿರಣಿಯೊಂದರ ಮಗ್ಗದ ವಿಭಾಗದಲ್ಲಿ, ಅಲ್ಲಿಯವರ ಮಾತಿನಲ್ಲಿ ಮಗ್ಗದ ಖಾತೆಯಲ್ಲಿ, ಇದ್ದ. ಅಪ್ಪ ಸಾಯುವ ತನಕ ದುಡಿದದ್ದೂ ಅಲ್ಲೇ. ಮಗ್ಗಗಳ ಅಬ್ಬರದಲ್ಲಿ ಅಲ್ಲಿ ಮಾತು ಕೇಳುವುದಿಲ್ಲ, ಎದುರಿನವರ ತುಟಿ ನೋಡಿ ತಿಳಿದುಕೊಳ್ಳಬೇಕು. ಅಪ್ಪ ಮನೆಗೂ ಆ ರೂಢಿ ತಂದಿದ್ದ. ನಮ್ಮಲ್ಲಿ ಯಾರೂ ಯಾರನ್ನೂ ಹಿಂದಿನಿಂದ ಕರೆಯುತ್ತಿರಲಿಲ್ಲ. ಮುಂದೆ ಬಂದು, ಭುಜ ಮುಟ್ಟಿ, ಮುಖ ತೋರಿಸಿ ಮಾತಾಡುವುದು. ಹಾಗಾಗಿ ಬೇರೆಯವರ ಮನೆಯಲ್ಲಿ ವಾರದೊಳಗೆ ತಿಳಿಯುತ್ತಿದ್ದ ಸಂಗತಿ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಯಾರಿಗೂ ತಿಳಿಯಲಿಲ್ಲ.

ಒಂದು ಬೆಳಿಗ್ಗೆ ಹಿತ್ತಾಳೆಯ ಕೊಡ ನನ್ನ ಕೈಜಾರಿ ಅಣ್ಣನ ಬೆನ್ನ ಹಿಂದೆಯೇ ಬಿತ್ತು. ಹೊರಗೆ ನಳದ ಹತ್ತಿರವಿದ್ದ ಅವ್ವ ಗಾಬರಿಯಿಂದ ಓಡಿಬಂದಳು. ಅಣ್ಣ ಮಾತ್ರ ಗೋಡೆಯ ಕಡೆ ಮುಖ ಮಾಡಿ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಲೇ ಇದ್ದ. ಅವ್ವ ನನ್ನನ್ನು ಬೈದು ಹೋದ ಮೇಲೆ ಅವನ ಎದುರು ಹೋಗಿ ನಿಂತೆ.

"ಅಣ್ಣಾ, ನಿನಗ ಕೇಳ್ಸೂದಿಲ್ಲೇನು?"

ಅವನು ನನ್ನ ತುಟಿ ನೋಡಿದ, ಬಾಗಿಲು ನೋಡಿದ. "ಡಾಕ್ಟರ್ ಖಾತೀನೂ ಬಿಡು, ಡ್ರಮ್ಮೂ ಬಿಡು ಅಂದಾನ. ಖಾತಿ ಬಿಟ್ರ ಕೂಳು ಹೋಗ್ತದ. ಡ್ರಮ್ ಬಿಟ್ರ ನಾನೇ ಹೋಗ್ತೀನಿ. ನನ್ನ ಜೋಡಿ ಬಾರಸೋ ಅವರಿಬ್ಬರಿಗೆ ಹೇಳಬ್ಯಾಡ ತಂಗಿ. ಕಿವುಡನ್ನ ಯಾರು ಇಟ್ಕೋತಾರ?"

"ಮತ್ತ ಹೆಂಗ ಬಾರಸ್ತಿ?"

"ಎಣಸ್ತೀನಿ" ಎಂದು ನಕ್ಕ. ಗಿರಣಿಯ ಮೇಲೆ, ಆ ಹಾಳು ಚೌಕದ ಮೇಲೆ, ಕಡೆಗೆ ಅವನ ನಗುವಿನ ಮೇಲೂ ನನಗೆ ಸಿಟ್ಟು ಬಂತು. ಆದರೂ ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಅದಾಗಿ ಕೆಲವು ತಿಂಗಳಿಗೆ ಮಾಟುಂಗಾದ ಕಾಲೇಜೊಂದರ ಹಾಲಿನಲ್ಲಿ ಅವರ ಮೊದಲ ಕಾರ್ಯಕ್ರಮ. ಭಾನುವಾರದ ಮಧ್ಯಾಹ್ನ, ಕಿಟಕಿಗಳೆಲ್ಲ ತೆರೆದು ಒಳಗೆಲ್ಲ ಬಿಸಿಲು. ಅವ್ವ ಇಳಕಲ್ ಸೀರೆ ಉಟ್ಟು ನನ್ನ ಜೊತೆ ಮುಂದಿನ ಸಾಲಿನಲ್ಲಿ ಕೂತಳು. ಮೂವರೂ ಎಂದಿನಂತೆ ಬೆನ್ನು ಹಾಕಿಕೊಂಡರು. ಅಣ್ಣ ಕೋಲಿಗೆ ಕೋಲು ತಾಗಿಸಿ ಎಣಿಕೆ ಕೊಟ್ಟು ಕಣ್ಣು ಮುಚ್ಚಿದ.

ಅರ್ಧ ದಾರಿಯಲ್ಲಿ ಆಂಪ್ಲಿಫೈಯರ್ ಟಪ್ ಎಂದು ಸತ್ತಿತು. ಎರಡೂ ಗಿಟಾರಿನ ದನಿ ನಿಂತುಹೋಯಿತು. ಹಾಲಿನಲ್ಲಿ ಗೊಳ್ಳೆಂದು ನಗೆ. ಅವರಿಬ್ಬರೂ ಬಗ್ಗಿ ವೈರು ತಡಕತೊಡಗಿದರು. ಡ್ರಮ್ ನಡೆದೇ ಇತ್ತು. ಅಣ್ಣ ಹೊತ್ತು ಸಂಭಾಳಿಸುತ್ತಿದ್ದಾನೆ ಎಂದು ಅವರು ಅಂದುಕೊಂಡಿರಬೇಕು. ಆಮೇಲೆ ಅಣ್ಣನೂ ನಿಲ್ಲಿಸಿದ. ಅದು ಗಿಟಾರು ಒಂದೇ ನುಡಿಯಬೇಕಾದ ಜಾಗ, ನನಗೆ ಗೊತ್ತಿತ್ತು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಅಣ್ಣ ಕಣ್ಣು ಮುಚ್ಚಿಕೊಂಡೇ, ಇಲ್ಲದ ಗಿಟಾರಿಗೆ ತಲೆದೂಗುತ್ತ ಕೂತಿದ್ದ.

ಗೆಳೆಯ ಮೊದಲ ಸಲ ಪದ್ಧತಿ ಮುರಿದು ಹಿಂದಕ್ಕೆ ತಿರುಗಿದ. ಅಣ್ಣನನ್ನು ಕರೆದ, ಇನ್ನೂ ಜೋರಾಗಿ ಕರೆದ. ಅಣ್ಣ ತಲೆದೂಗುತ್ತಲೇ ಇದ್ದ. ನಂತರ ಸರಿಯಾದ ಜಾಗಕ್ಕೆ ಕೋಲೆತ್ತಿ ಕಡೆಯ ಪೆಟ್ಟಿನ ತನಕ ಒಬ್ಬನೇ ಬಾರಿಸಿದ. ಅವ್ವ ನನ್ನ ಕೈ ಹಿಚುಕಿ ಹಿಡಿದಳು. "ನಿಮ್ಮಪ್ಪನಂಗ ಆಗ್ಯಾನಲ್ಲಾ" ಎಂದಳು.

ಇದೂ ಇವರದೊಂದು ತಮಾಷೆಯೆಂದು ತಿಳಿದ ಜನ ಚಪ್ಪಾಳೆ ತಟ್ಟಿದರು. ಕಣ್ಣು ತೆರೆದ ಅಣ್ಣನಿಗೆ ತಟ್ಟುವ ಕೈಗಳು ಕಂಡವು. ಎದ್ದು ನಿಂತು, ಚಪ್ಪಾಳೆ ಅವರದೂ ಹೌದು ಎಂಬಂತೆ ಗೆಳೆಯರ ಕಡೆ ಕೈ ಚಾಚಿದ. ಗೆಳೆಯ ನೆಲ ನೋಡುತ್ತಿದ್ದ.

ಅಣ್ಣ ಬೆವರು ಒರೆಸಿಕೊಳ್ಳುತ್ತ ನೇರ ನಮ್ಮ ಹತ್ತಿರ ಇಳಿದುಬಂದ. ಅವನ ಬೆನ್ನ ಹಿಂದೆ, ಸ್ಟೇಜಿನ ಅಂಚಿನಲ್ಲಿ ವೈರು ಸುತ್ತುತ್ತಿದ್ದ ಗೆಳೆಯ, ಇನ್ನು ಬೇರೆ ಡ್ರಮ್ಮಿನವನನ್ನು ಹುಡುಕಬೇಕು ಎಂದು ಬೇಸಿನವನಿಗೆ ಹೇಳುತ್ತಿದ್ದುದು ನನಗೂ ಅವ್ವನಿಗೂ ಕೇಳಿಸುತ್ತಿತ್ತು.

"ಕಡೀಕ ಮೂವರೂ ಕೂಡಿ ಬಂದ್ವಿ, ಹೌದಲ್ಲ ತಂಗಿ?" ಎಂದು ಅಣ್ಣ ನನ್ನ ಮುಖದ ಹತ್ತಿರ ಬಗ್ಗಿದ.

ನಾನು ಹೌದು ಎಂದೆ. ದನಿ ತೆಗೆಯದೆ ತುಟಿಯಷ್ಟೇ ಆಡಿಸಿದೆ. ಅವನಿಗೆ ಅಷ್ಟು ಸಾಕಾಯಿತು.