ಬೆನ್ನಿನೊಳಗಿನ ತಾರೀಕುಗಳು

ಮಕ್ಕಳ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಕೂತು ಹರಿದ ಪುಸ್ತಕಗಳಿಗೆ ಬೈಂಡಿಂಗ್ ಮಾಡುವ ಅಜ್ಜಿಗೆ ಮಕ್ಕಳೆಲ್ಲ ಸೇರಿ ಇಟ್ಟ ಹೆಸರು ಅಂಟಜ್ಜಿ. ಬೆರಳ ತುದಿಯಲ್ಲಿ ಸದಾ ಒಣಗಿದ ಅಂಟು, ಮೂಗಿನ ತುದಿಯಲ್ಲಿ ಸದಾ ಸಿಟ್ಟು. ಮೂವತ್ತೊಂದು ವರ್ಷದಿಂದ ಅದೇ ಕಿಟಕಿ, ಅದೇ ಮೇಜು, ಅದೇ ದಬ್ಬಳ. "ನಾನು ಹೊಲಿದ ಪುಸ್ತಕದ ಮೇಲೆ ಆನೆ ಕೂತ್ರೂ ಒಂದು ಹಾಳೆ ಕಿತ್ತು ಬರಲ್ಲ" ಎಂದು ಆಕೆ ಹೇಳಿದರೆ ಅದು ಜಂಬವಲ್ಲ. ಸರಿ, ಸ್ವಲ್ಪ ಜಂಬವೂ ಹೌದು. ಇರಲಿ ಬಿಡಿ, ಅಷ್ಟು ದುಡಿದವಳಿಗೆ ಅಷ್ಟೂ ಬೇಡವೇ?

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ಅಂಟಜ್ಜಿ. ತನ್ನ ದೇಶದ ಚರಿತ್ರೆ ಕಲಿತದ್ದೆಲ್ಲ ಈ ಮೇಜಿನ ಮೇಲೆ. ಹಳೆಯ ಹೊಲಿಗೆ ಬಿಚ್ಚಿದಾಗ ಹಾಳೆಗಳು ಚೆಲ್ಲಾಪಿಲ್ಲಿಯಾಗುತ್ತವಲ್ಲ, ಅವನ್ನು ಜೋಡಿಸುತ್ತಾ ಓದುವುದು. ಕೋಟೆ ಕಾಯ್ದ ರಾಣಿ, ಕಲ್ಲು ಸೇತುವೆ ಕಟ್ಟಿದವರು, ಅಂಬಿಗರ ಹಾಡುಗಳು, ನೇಕಾರರು ಬಣ್ಣ ಕಂಡುಹಿಡಿದ ಬಗೆ, ಸ್ವಾತಂತ್ರ್ಯ ಬಂದ ದಿನದ ಬೆಳಗು. ಮಕ್ಕಳಿಗಾಗಿ ಬರೆದ ಇಂಥ ನಲವತ್ತೆರಡು ಪುಸ್ತಕಗಳು ಕಿಟಕಿ ಪಕ್ಕದ ಕಪಾಟಿನಲ್ಲಿದ್ದವು. ಅವುಗಳಲ್ಲಿ ಒಂದನ್ನು ವಾಪಸು ತಂದ ಮಗುವನ್ನು ಅಂಟಜ್ಜಿ ಸುಮ್ಮನೆ ಬಿಡುತ್ತಿರಲಿಲ್ಲ. ಕಿಟಕಿಯಿಂದ ತಲೆ ಹಾಕಿ ಒಂದು ಪ್ರಶ್ನೆ ಕೇಳುವಳು. ಉತ್ತರ ತಪ್ಪಿದರೆ, "ಪುಸ್ತಕ ತಲೆದಿಂಬು ಮಾಡ್ಕೊಂಡಿದ್ಯಾ? ಹೋಗು, ಮತ್ತೆ ಓದ್ಕೊಂಡು ಬಾ!"

ಅಜ್ಜಿಗೇ ತಿರುಗಿ ಪ್ರಶ್ನೆ ಹಾಕುವ ಗಟ್ಟಿಗಿತ್ತಿ ಒಬ್ಬಳೇ. ಮುಂದಿನ ಎರಡು ಹಲ್ಲು ಬಿದ್ದ ಹುಡುಗಿ. ಎಲ್ಲದಕ್ಕೂ ಯಾಕೆ, ಯಾಕೆ ಎನ್ನುತ್ತಾಳೆಂದು ಅಜ್ಜಿಯೇ ಅವಳಿಗೆ ಯಾಕಮ್ಮ ಎಂದು ಹೆಸರಿಟ್ಟಿದ್ದಳು.

"ಅಷ್ಟು ದೊಡ್ಡ ಸೈನ್ಯ ಬಂತಲ್ಲಜ್ಜಿ, ರಾಣಿ ಯಾಕೆ ಓಡಿಹೋಗ್ಲಿಲ್ಲ?"

"ಓಡಿಹೋಗಿದ್ರೆ ನೀನು ಅವಳ ಕಥೆ ಓದ್ತಿದ್ಯೇನೇ?"

ಓದಿ ಓದಿ ಆ ಕಪಾಟು ಜೀರ್ಣವಾಗಿತ್ತು. ಈ ರಜೆಯಲ್ಲಿ ಅಂಟಜ್ಜಿ ಹಟ ಹಿಡಿದು ನಲವತ್ತೆರಡನ್ನೂ ಹೊಸದಾಗಿ ಹೊಲಿದಳು. ಹೊಸ ರಟ್ಟು, ಬೆನ್ನಿಗೆ ಕೆಂಪು ಬಟ್ಟೆ. ಪುಸ್ತಕ ಮನೆಗೆ ಹೋದಾಗಲೆಲ್ಲ ಮುದ್ರೆ ಬೀಳುವ ತಾರೀಕಿನ ಚೀಟಿ ಕೊನೆಯ ಪುಟದಲ್ಲಿರುತ್ತದಲ್ಲ, ಅದನ್ನೂ ಕಿತ್ತು ಹಾಲಿನಂಥ ಬಿಳಿ ಚೀಟಿ ಅಂಟಿಸಿದಳು. ಮೈಗೆ ಹೊಸ ಬಟ್ಟೆ ತೊಡಿಸಿ ಮುಖಕ್ಕೆ ಮಸಿ ಬಿಡುವ ಜಾಯಮಾನ ಆಕೆಯದಲ್ಲ. ಪುಸ್ತಕಗಳು ಕಪಾಟು ಸೇರಿದ ಮರುದಿನವೇ ಮೇಲಿನ ಕಚೇರಿಯಿಂದ ಅಧಿಕಾರಿಯೊಬ್ಬರು ತಪಾಸಣೆಗೆ ಬಂದರು.

ಮೂರು ವರ್ಷದಿಂದ ಯಾರೂ ಒಯ್ಯದ ಪುಸ್ತಕಗಳನ್ನು ರದ್ದಿಗೆ ಹಾಕಿ ಜಾಗ ಖಾಲಿ ಮಾಡಬೇಕೆಂಬುದು ಅವರು ತಂದ ಆದೇಶ. ಒಂದೊಂದೇ ಪುಸ್ತಕದ ಕೊನೆಯ ಪುಟ ತಿರುವಿದರು. ಒಂದರಲ್ಲೂ ಮುದ್ರೆಯಿಲ್ಲ.

"ಇಡೀ ಕಪಾಟಿಗೆ ಒಂದು ಮಗೂನೂ ಕೈ ಹಚ್ಚಿಲ್ಲ. ಈ ಕಾಲದ ಮಕ್ಕಳಿಗೆ ಹಳೇ ರಾಜರಾಣಿಯರು ಯಾರಿಗೆ ಬೇಕು? ನಲವತ್ತೆರಡೂ ರದ್ದಿಗೆ ಅಂತ ಬರ್ಕೊಳ್ತೀನಿ."

"ಸಾರ್, ಬೈಂಡಿಂಗ್ ಆದಾಗ ಚೀಟಿ ಬದಲಾಗಿದೆ" ಎಂದರು ಲೈಬ್ರರಿ ಮೇಡಂ. "ಹಳೇ ರಿಜಿಸ್ಟರ್ ನಿಮ್ಮ ಕಚೇರಿಗೇ ಕಳಿಸಿದ್ದೀವಲ್ಲ!"

"ನನ್ನ ಟೇಬಲ್‌ಗೆ ಬಂದಿಲ್ಲಮ್ಮ. ಕಣ್ಣಿಗೆ ಕಂಡದ್ದನ್ನ ನಾನು ಬರೆಯೋದು."

ಒಳಗೆ ಕೂತು ಕೇಳಿಸಿಕೊಂಡ ಅಂಟಜ್ಜಿ ದಬ್ಬಳ ಕೆಳಗಿಟ್ಟಳು. ಅಯ್ಯೋ ನನ್ನ ಕೈಗಿಷ್ಟು ಬೆಂಕಿ ಹಾಕ! ಚೆಂದ ಮಾಡಲು ಹೋಗಿ, ಅಷ್ಟು ಮಕ್ಕಳು ಓದಿದ ಗುರುತನ್ನೇ ಅಳಿಸಿಬಿಟ್ಟೆನಲ್ಲ. ಹಣೆ ಚಚ್ಚಿಕೊಳ್ಳಲು ಎತ್ತಿದ ಕೈ ಅರ್ಧದಲ್ಲೇ ನಿಂತಿತು. ಕಿತ್ತ ಚೀಟಿ ಎಲ್ಲಿ ಹೋಯಿತು? ಕಾಗದದ ಚೂರನ್ನೂ ಎಸೆಯುವವಳಲ್ಲ ಆಕೆ. ಬೆನ್ನು ಗಟ್ಟಿಯಾಗಲೆಂದು ಕೆಂಪು ಬಟ್ಟೆಯ ಅಡಿಗೆ ಅಂಟಿಸಿದ್ದು ಅದೇ ಚೀಟಿಗಳನ್ನು. ಯಾವ ಪುಸ್ತಕದ್ದು ಆ ಪುಸ್ತಕಕ್ಕೇ.

ಚಾಕು ಹಿಡಿದು ಹೊರಗೆ ಬಂದವಳೇ ಅಧಿಕಾರಿಯ ಮುಂದಿನ ರಾಶಿಯಿಂದ ರಾಣಿಯ ಪುಸ್ತಕ ಎತ್ತಿಕೊಂಡಳು. ನಾಲ್ಕನೇ ಸಲ ಅದನ್ನೇ ಒಯ್ಯಲು ಬಂದಿದ್ದ ಯಾಕಮ್ಮ ಮೇಜಿಗೆ ಗಲ್ಲ ಆನಿಸಿ ನಿಂತಿದ್ದಳು.

"ಏನಮ್ಮ ಇದು? ಚೆನ್ನಾಗಿರೋದನ್ನ ಕೊಯ್ತೀರಾ?" ಅಧಿಕಾರಿ ಗಾಬರಿಯಾದರು.

"ಕಣ್ಣಿಗೆ ಕಾಣ್ಬೇಕು ಅಂದ್ರಲ್ಲ ಸಾರ್. ಕಾಣಿಸ್ತೀನಿ."

ಚಾಕು ಊರಿದ ಕೈ ಒಂದು ಗಳಿಗೆ ಮೇಲೇಳಲಿಲ್ಲ, ಕೆಳಗಿಳಿಯಲೂ ಇಲ್ಲ. ತಾನು ಕಟ್ಟಿದ ಬೆನ್ನನ್ನು ತಾನೇ ಸೀಳಬೇಕಲ್ಲ. ಹಲ್ಲು ಕಚ್ಚಿ ಎಳೆದೇಬಿಟ್ಟಳು. ಒದ್ದೆ ಬಟ್ಟೆಯಿಂದ ಒತ್ತಿ ಒತ್ತಿ ಎಬ್ಬಿಸಿದಾಗ ಒಂದರ ಬೆನ್ನಿಗೊಂದು ಮೂರು ಚೀಟಿಗಳು ಎದ್ದು ಬಂದವು. ನೀಲಿ ಮುದ್ರೆ, ನೇರಳೆ ಮುದ್ರೆ, ಜಾಗ ಸಾಲದೆ ಮುದ್ರೆಯ ಮೇಲೆ ಮುದ್ರೆ. ಅಧಿಕಾರಿ ಕನ್ನಡಕ ಏರಿಸಿ ಎಣಿಸತೊಡಗಿದರು. ಎಪ್ಪತ್ತು ದಾಟಿದ ಮೇಲೆ ಎಣಿಕೆ ಬಿಟ್ಟರು. ಕೊನೆಯ ಮುದ್ರೆ ರಜೆಗೆ ಮುಂಚಿನ ವಾರದ್ದು.

"ಇನ್ನೂ ನಲವತ್ತೊಂದಿವೆ ಸಾರ್. ಚಾಕು ಹರಿತವಾಗೇ ಇದೆ."

"ಬೇಡ ತಾಯಿ, ಬೇಡ!" ಎಂದು ಅವರು ಬರೆದ ಸಾಲನ್ನು ಹೊಡೆದುಹಾಕಿದರು. ಆಮೇಲೆ ಯಾಕಮ್ಮನ ಕಡೆ ಬಗ್ಗಿ, "ಅಂಥದ್ದೇನಮ್ಮ ಇದೆ ಇದರಲ್ಲಿ?"

"ನಮ್ಮ ರಾಣಿ ಇದ್ದಾಳೆ. ಅವಳು ಯಾಕೆ ಓಡಿಹೋಗ್ಲಿಲ್ಲ, ಹೇಳಿ ನೋಡೋಣ?"

ಅಧಿಕಾರಿ ತಿರುಗಿ ಮೇಡಂ ಮುಖ ನೋಡಿದರು. ಮೇಡಂ ಸೀಲಿಂಗ್ ನೋಡಿದರು. ಅಂಟಜ್ಜಿಗೆ ನಗು ತಡೆಯಲಾಗಲಿಲ್ಲ. "ಬೆನ್ನು ಅಂಟಿಸಿ ಕೊಡ್ತೀನಿ ಸಾರ್, ಓದ್ಕೊಂಡು ಬನ್ನಿ."

"ಅದು ನಂದು!" ಯಾಕಮ್ಮ ಪುಸ್ತಕದ ಮೇಲೆ ಕೈಯಿಟ್ಟಳು.

"ನಾಳೆ ಬಾರೇ. ಬೆನ್ನು ಹರಿದ ಪುಸ್ತಕ ನನ್ನ ಕೈಯಿಂದ ಆಚೆ ಹೋಗಲ್ಲ."

"ಯಾಕೆ? ಹಾಳೆ ಎಲ್ಲಾ ಇವೆಯಲ್ಲ. ಆನೆ ಕೂತ್ರೂ ಬರಲ್ಲ ಅಂತ ನೀನೇ ಅಂದಿದ್ದೆ."

ಅಂಟಜ್ಜಿ ಪುಸ್ತಕವನ್ನು ಮೇಡಂ ಕಡೆ ಸರಿಸಿದಳು. ಮೇಡಂ ಬಿಳಿ ಚೀಟಿಯ ಮೇಲೆ ಮೊದಲ ಮುದ್ರೆ ಒತ್ತಿದರು. ಸ್ವಲ್ಪ ಸೊಟ್ಟಗೆ ಬಿತ್ತು. ಯಾಕಮ್ಮ ಪುಸ್ತಕವನ್ನು ಎದೆಗವಚಿಕೊಂಡು ಓಡಿದಳು. ಬಿಚ್ಚಿದ ಕೆಂಪು ಬಟ್ಟೆ ಅವಳ ಮೊಣಕೈ ಹತ್ತಿರ ಹಾರಾಡುತ್ತಾ ಹೋಯಿತು. ಅವಳು ಬೀದಿಯ ತಿರುವು ದಾಟುವವರೆಗೂ ಒಳಗೆ ಹೋದ ಅಂಟಜ್ಜಿ ಕಿಟಕಿ ಬಿಟ್ಟು ಕದಲಲಿಲ್ಲ. ಮೂವತ್ತೊಂದು ವರ್ಷದಲ್ಲಿ ಆಕೆಯ ಕೈಯಿಂದ ಅರೆಬರೆಯಾಗಿ ಹೊರಬಿದ್ದ ಪುಸ್ತಕ ಅದೊಂದೇ. ಅದರಷ್ಟು ಹೆಮ್ಮೆ ಆಕೆಗೆ ಬೇರೆ ಯಾವ ಪುಸ್ತಕದ ಬಗ್ಗೆಯೂ ಆದದ್ದಿಲ್ಲ.