ಚಳಿಗೆ ಮಿಡಿಯದ ಸೆಟ್ಟು

ಗೌಡರೇ, ಅಂದು ನೀವು ನಿದ್ದೆ ಮಾಡಿರಲಿಲ್ಲ. ಸತ್ತಿದ್ದು ನಾನು ಮಾಡಿಕೊಟ್ಟ ವೈರ್‌ಲೆಸ್ ಸೆಟ್ಟು. ಅದು ಚಳಿಗೆ ಸಾಯುತ್ತದೆಂದು ನನಗೆ ಮೊದಲೇ ಗೊತ್ತಿತ್ತು — ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಎಂಬತ್ತರ ದಶಕದ ಕೊನೆ. ಹೊಸನಗರದ ಆಚೆ, ಕಟ್ಟೆಯಿಂದ ಹೊಳೆಗೆ ನೀರು ಬಿಡುವ ಮುಂಚೆ ಕೆಳಗಿನ ದೋಣಿ ಕಡವಿಗೆ ಸುದ್ದಿ ಮುಟ್ಟಬೇಕಿತ್ತು. ಸುದ್ದಿ ಕೇಳಿ ದೋಣಿ ನಿಲ್ಲಿಸುವ ಕೆಲಸ ನಿಮ್ಮದು, ಸೆಟ್ಟು ರೂಪಿಸುವ ಕೆಲಸ ನನ್ನದು. ಅದರ ಜೀವವೆಂದರೆ ಆಸಿಲೇಟರ್ — ತನ್ನಷ್ಟಕ್ಕೆ ಮಿಡಿಯುತ್ತಲೇ ಇರಬೇಕಾದ ಸರ್ಕ್ಯೂಟ್. ಅದು ನಿಂತರೆ ಸೆಟ್ಟು ಕಿವುಡು. ಕಟ್ಟುವ ಮೊದಲು ಕಂಪ್ಯೂಟರಿನಲ್ಲಿ ಅದರ ನಕಲು ಓಡಿಸಿ ನೋಡಿದೆ. ಹಗಲಿನ ಶಾಖಕ್ಕೆ ಚೆನ್ನಾಗಿ ಮಿಡಿಯಿತು. ಚಳಿಯ ಲೆಕ್ಕ ಕೊಟ್ಟರೆ ತೆರೆಯ ಮೇಲೆ ಬರೀ ನೇರ ಗೆರೆ, ಮಿಡಿತವೇ ಇಲ್ಲ. ಕೆಪಾಸಿಟರ್ ಬದಲಿಸಿದೆ, ರೆಸಿಸ್ಟರ್ ಬದಲಿಸಿದೆ — ಊಹೂಂ. ಶುರುವಾಗಲೆಂದು ಸಣ್ಣ ತಳ್ಳು ಕೊಟ್ಟರೆ ಸ್ವಲ್ಪ ಕಂಪಿಸಿ ಮಲಗಿಬಿಡುತ್ತಿತ್ತು. ಕಡೆಗೆ ದೊಡ್ಡ ತಳ್ಳು ಕೊಟ್ಟು, ಮಿಡಿತ ಕುಗ್ಗುವ ಮುಂಚಿನ ಭಾಗವನ್ನಷ್ಟೇ ನಮ್ಮ ಮೇಲಿನ ಸಾಹೇಬರಿಗೆ ತೋರಿಸಿದೆ. "ಗಟ್ಟಿಗ ಕಣಯ್ಯ ನೀನು" ಎಂದರು. ಆ ಹೊಗಳಿಕೆ ಕೈತಪ್ಪೀತೆಂಬ ಭಯ — ಎಂಥ ಭಯ ಅದು!

ಹುಳುಕು ನಿಮಗೆ ಬೇಗ ತಿಳಿಯಿತು. ನೀವು ದೂರಲಿಲ್ಲ. ಬೆಳಗಿನ ಹೊತ್ತು ಸೆಟ್ಟನ್ನು ಬಚ್ಚಲೊಲೆಯ ಪಕ್ಕ, ಒದ್ದೆ ಕಂಬಳಿ ಒಣಗಿಸುವ ಜಾಗದಲ್ಲಿ ಇಟ್ಟುಕೊಂಡಿರಿ. ತಪಾಸಣೆಗೆ ಬಂದ ನಾನು ಅದನ್ನು ನೋಡಿ ಯಾಕೆಂದು ಕೇಳಿದೆ.

"ಥಂಡೀಲಿ ಇದು ಏಳೋದೇ ಇಲ್ಲ ಸಾರ್. ಒಂಚೂರು ಬೆಚ್ಚಗ್ ಮಾಡಿದ್ರೆ ಮಾತಾಡ್ತದೆ."

ಈ ಮಾತು ಸಾಹೇಬರ ಕಿವಿಗೆ ಬಿದ್ದರೆ? "ಮಸಿ ಹಿಡಿದು ಹಾಳಾಗ್ತದೆ ಗೌಡ್ರೇ. ಇನ್ನು ಒಲೆ ಹತ್ರ ಇಡಬೇಡಿ" ಎಂದು ಗದರಿದೆ. "ಆಯ್ತು ಸಾರ್" ಎಂದಿರಿ. ಓದಿದವನು ಹೇಳುತ್ತಾನೆಂದು ನಂಬಿದಿರಿ.

ಮುಂದಿನ ವಾರವೇ, ದಟ್ಟ ಮಂಜಿನ ಒಂದು ಬೆಳಿಗ್ಗೆ ನೀರು ಬಿಟ್ಟರು. ಮೇಲಿನಿಂದ ಕೂಗಿದರು, ಕೂಗಿದರು — ನಿಮ್ಮ ಮುಂದಿದ್ದ ಸೆಟ್ಟು ಉಸಿರೆತ್ತಲಿಲ್ಲ. ದೋಣಿ ನಡುಹೊಳೆಯಲ್ಲಿತ್ತು. ಕೂತಿದ್ದವರು ಹೇಗೋ ದಡ ಸೇರಿದರು. ದೋಣಿ ನಡೆಸುವ ತಿಮ್ಮ ಸಿಗಲಿಲ್ಲ.

ವಿಚಾರಣೆ ನಡೆದದ್ದು ಮಧ್ಯಾಹ್ನ. ಬಿಸಿಲಿಗೆ ಸೆಟ್ಟು ಅರಳು ಹುರಿದಂತೆ ಮಾತಾಡಿತು. ಇವನು ಮಲಗಿದ್ದ ಎಂದು ಸಾಹೇಬರು ತೀರ್ಮಾನಿಸಿದರು. "ದೇವ್ರಾಣೆ ಎದ್ದೇ ಇದ್ದೆ. ನೀವಾದ್ರೂ ಹೇಳಿ ಸಾರ್" ಎಂದು ನೀವು ನನ್ನ ಕಡೆ ತಿರುಗಿದಿರಿ. ನಾನು — ನಾನು "ಸೆಟ್ಟಿನಲ್ಲಿ ದೋಷವಿಲ್ಲ" ಎಂದೆ.

ನಿಮ್ಮ ಕೆಲಸ ಹೋಯಿತು. ತೀರ್ಥಹಳ್ಳಿ ಪೇಟೆಯಲ್ಲಿ 'ನಿದ್ದೆಗೌಡ' ಎಂಬ ಹೆಸರು ಅಂಟಿತೆಂದು ಕೇಳಿದೆ. ಎಷ್ಟೋ ಸಲ ಬಸ್ಸಿನಲ್ಲಿ ನಿಮ್ಮೂರಿನ ತನಕ ಬಂದು, ಕಿಟಕಿಯಿಂದ ನೋಡಿ, ಇಳಿಯದೆ ಹೋಗಿದ್ದೇನೆ. ನೀವು ಬಯ್ಯುತ್ತೀರೆಂದಲ್ಲ. "ಬನ್ನಿ ಸಾರ್, ಕಾಫಿ ಕುಡೀರಿ" ಎಂದುಬಿಟ್ಟರೆ...

ಈ ಸಲ ಇಳಿಯುತ್ತೇನೆ. ಮೊದಲು ತಿಮ್ಮನ ಹೆಂಡತಿಯ ಮನೆಗೆ, ಆಮೇಲೆ ನಿಮ್ಮಲ್ಲಿಗೆ. ಆಕೆ ಇಷ್ಟು ವರ್ಷ ಶಾಪ ಹಾಕುತ್ತಾ ಬಂದಿರುವುದು ನಿಮಗೆ. ಅದು ಯಾರಿಗೆ ತಟ್ಟಬೇಕಾದದ್ದೆಂದು ಆಕೆಯ ಮುಂದೆ ನಿಂತು ನಾನೇ ಹೇಳಬೇಕು. ಹೆದರಿಕೆ ಹೋಗಿಲ್ಲ, ಗೌಡರೇ. ಹೆದರಿಕೊಂಡೇ ಬರುತ್ತಿದ್ದೇನೆ.