ಆನೆಯ ಹಣೆಯ ತೇಪೆ

ಬಂಡೆಗುಡಿಯ ಕೆಳಗಿನ ಕಲ್ಲುಕೆಲಸದ ಬೀದಿಯಲ್ಲಿ ಆ ಶಿಲ್ಪಿಗೆ ‘ಒಂಟಿಗಲ್ಲು’ ಎಂದೇ ಹೆಸರು. ಬಾಯಿ ತೆರೆದರೆ ಅದೇ ಮಾತು. ಗುಡ್ಡವನ್ನು ನೆತ್ತಿಯಿಂದ ಬುಡಕ್ಕೆ ಕಡಿದು ಗೋಪುರ, ಕಂಬ, ಆನೆ ಎಲ್ಲವನ್ನೂ ಒಂದೇ ಬಂಡೆಯಲ್ಲಿ ಬಿಡಿಸಿದ ಹಿಂದಿನವರನ್ನು ತೋರಿಸಿ, “ಬೆಸುಗೆ ಇಲ್ಲ, ತೇಪೆ ಇಲ್ಲ. ಅವರು ಕೆಲಸಗಾರರು. ನೀವೋ, ಅಂಟಿನ ಡಬ್ಬಿ ನಂಬ್ಕೊಂಡು ಬದುಕೋರು,” ಎಂದು ಬೀದಿಯವರನ್ನು ಹೀಯಾಳಿಸುತ್ತಿದ್ದ. ಅವರೇನು ಸುಮ್ಮನಿರುತ್ತಾರೆಯೇ? “ನಿನ್ನ ಹಲ್ಲೂ ಒಂದೇ ಕಲ್ಲಲ್ಲಿ ಕಡಿದದ್ದೇನಣ್ಣಾ? ನಡುವೆ ಸಂದು ಕಾಣ್ತದಲ್ಲ!”

ಅವನ ಬಲಗೈ ಅಂದರೆ ಒಡಹುಟ್ಟಿದ ತಮ್ಮ. ಇಬ್ಬರೂ ಕೂಡಿ ಒಂದು ನಂದಿ ಕಡಿಯುತ್ತಿದ್ದರು. ಅಣ್ಣ ಜ್ವರ ಬಂದು ಮಲಗಿದ್ದಾಗ ತಮ್ಮನ ಉಳಿ ಜಾರಿ ನಂದಿಯ ಕಿವಿ ಹಾರಿತು. ತಮ್ಮ ಅದೇ ಕಲ್ಲಿನ ತುಂಡಿನಲ್ಲಿ ಹೊಸ ಕಿವಿ ಮಾಡಿ, ಗೂಟ ಕೊಟ್ಟು ಕೂರಿಸಿ, ಕಣ್ಣಿಗೆ ಕಾಣದಂತೆ ಉಜ್ಜಿಬಿಟ್ಟ.

ಒಪ್ಪಿಸುವ ದಿನ ಅಣ್ಣ ನಂದಿಗೆ ನೀರು ಹುಯ್ದು ನೋಡಿದ. ಮೈಯೆಲ್ಲ ಆರಿದರೂ ಕಿವಿಯ ಬುಡದಲ್ಲಿ ದಾರದಷ್ಟು ತೇವ ನಿಂತಿತು. ಸಂದಿದ್ದಲ್ಲಿ ನೀರು ತಡವಾಗಿ ಆರುತ್ತದೆ. ಕೊಳ್ಳಲು ಬಂದವರ ಎದುರಿಗೇ ಸುತ್ತಿಗೆ ಎತ್ತಿ ನಂದಿಯ ಮುಖ ಒಡೆದ.

“ಅಂಟಿಸೋ ಚಪಲ ಇದ್ರೆ ಹೋಗಿ ಗೋಡೆಗೆ ಪೋಸ್ಟರ್ ಅಂಟ್ಸು!”

ತಮ್ಮ ಒಮ್ಮೆ ಬಂಡೆಗುಡಿಯ ಕಡೆ ನೋಡಿದ. ಉಳಿಗಳನ್ನು ಅಲ್ಲೇ ಬಿಟ್ಟು ಹೆಂಡತಿಯೊಡನೆ ಮನೆ ತೊರೆದ.

ತಪ್ಪಾಯಿತೆಂದು ಅವನೇ ಬರಲಿ ಎಂದು ಅಣ್ಣ ಕಾದ. ಕಾಯುತ್ತ ಕಾಯುತ್ತ ತಲೆ ಬೆಳ್ಳಗಾಯಿತು, ಕೈ ನಡುಗತೊಡಗಿತು, ಅಂಗಳದಲ್ಲಿ ಅರ್ಧ ಕಡಿದ ಕಲ್ಲುಗಳು ಪಾಚಿ ಕಟ್ಟಿದವು. ಕೊನೆಗೆ ಬಂಡೆಗುಡಿಯ ಪಾಚಿ ತೊಳೆಯುವ ಕೂಲಿಗೆ ಸೇರಿಕೊಂಡ.

ಅಟ್ಟಣೆ ಹತ್ತಿ ಕಲ್ಲಾನೆಯ ತಲೆ ತೊಳೆದ ದಿನ, ಬಿಸಿಲಿಗೆ ಆನೆ ಆರುತ್ತ ಬಂತು. ಹಣೆಯ ಮೇಲೆ ಅಂಗೈಯಗಲದ ಚೌಕದ ಸುತ್ತ ತೇವದ ಗೆರೆ ಉಳಿಯಿತು. ಬೆರಳ ಗೆಣ್ಣಿನಿಂದ ತಟ್ಟಿದ. ಸದ್ದು ಬೇರೆ. ಹಿಂದಿನವರು ಕೂರಿಸಿದ ತೇಪೆ. ಕೆಲಸ ಅಲ್ಲೇ ಬಿಟ್ಟು ಅಟ್ಟಣೆ ಇಳಿದ.

ಅವತ್ತೇ ತಮ್ಮನ ಶೆಡ್ಡು ಹುಡುಕಿಕೊಂಡು ಹೋದ. ತಮ್ಮ ಸಿಮೆಂಟಿನ ದೇವರುಗಳನ್ನು ಅಚ್ಚು ಹಾಕುತ್ತಿದ್ದ.

“ಆನೆ ಹಣೇಲಿ ತೇಪೆ ಇದೆ ಕಣೋ,” ಎಂದ ಅಣ್ಣ.

“ಗೊತ್ತು. ಅಪ್ಪ ತೋರಿಸಿದ್ದ. ಕಿವಿಗೆ ಗೂಟ ಕೊಡೋದು ನಂಗೆ ಮತ್ತೆ ಯಾರು ಕಲಿಸಿದ್ರು ಅಂದ್ಕೊಂಡೆ?”

“ನಂಗ್ಯಾಕೋ ಹೇಳ್ಲಿಲ್ಲ?”

“ಅಪ್ಪ ಆಣೆ ಹಾಕಿಸ್ಕೊಂಡಿದ್ದ. ‘ಗೊತ್ತಾದ್ರೆ ನಿನ್ನ ಅಣ್ಣ ಉಳಿ ಹಿಡಿಯೋದೇ ಬಿಟ್ಬಿಡ್ತಾನೆ, ಅವನಿಗೆ ಹೇಳ್ಬೇಡ’ ಅಂದಿದ್ದ.”

ಅಣ್ಣ ಅಚ್ಚಿನ ಹತ್ತಿರಕ್ಕೆ ಬಂದ. “ಬಾರೋ. ಇಬ್ರೂ ಕೂಡಿ ಮತ್ತೆ ಕೆಲಸ ಮಾಡೋಣ.”

ತಮ್ಮ ಕಲಸಿಟ್ಟ ಸಿಮೆಂಟಿನ ಕಡೆ ತಿರುಗಿದ. “ಗಟ್ಟಿಯಾಗ್ತಾ ಇದೆ. ಅಚ್ಚಿಗೆ ಅಡ್ಡ ನಿಲ್ಬೇಡ.”

ಅಣ್ಣ ಪಕ್ಕಕ್ಕೆ ಸರಿದ. ಒಳಗಿನಿಂದ ಇಣುಕಿದ ತಮ್ಮನ ಹೆಂಡತಿಯೂ ‘ಕೂತ್ಕೊಳ್ಳಿ ಭಾವಾ’ ಅನ್ನಲಿಲ್ಲ.